ಬಾಗಿಲು ತೆಗೆದರೆ ನಿಲ್ಲುವ ಫ್ಯಾನು

ಆ ಪೆಟ್ಟಿಗೆ ಒಂದಕ್ಕೆ ನನ್ನ ಅಂಗಡಿಯ ಅರ್ಧ ವರ್ಷದ ಬಾಡಿಗೆಯಷ್ಟು ಬೆಲೆ. ಅಂಥವು ಪ್ರಯೋಗಶಾಲೆಯ ಹಕ್ಕಿಗಳ ಕೋಣೆಯಲ್ಲಿ ಗೋಡೆಯುದ್ದಕ್ಕೂ ಸಾಲಾಗಿ ಇದ್ದವು. ಹಕ್ಕಿಯ ಮಿದುಳಿಗೆ ಇಳಿಸುವ ತಂತಿ ಕೂದಲೆಳೆಗಿಂತ ತೆಳು. ಅದರದೊಂದು ಕಟ್ಟಿನ ದುಡ್ಡಿಗೆ ಒಂದು ಹೊಸ ಹೊಲಿಗೆ ಯಂತ್ರ ಬರುತ್ತದೆ. ಆ ತಂತಿಯನ್ನು ಅಲುಗದಂತೆ ಹಿಡಿಯುವ ಉಪಕರಣದ ಬೆಲೆಗೆ ಒಂದು ಸಣ್ಣ ಮನೆಯನ್ನೇ ಕಟ್ಟಿಸಬಹುದು. ಹಕ್ಕಿ ಅಗ್ಗ. ಆ ಹಕ್ಕಿಗೆ ನಾನು ಹೊಲಿದು ಕೊಡುತ್ತಿದ್ದ ಅಂಗಿ ಇನ್ನೂ ಅಗ್ಗ. ಪೆಟ್ಟಿಗೆಯ ಹಿಂಬದಿಯಲ್ಲಿ ಗಾಳಿಯಾಡಲೆಂದು ಕೂರಿಸಿದ್ದ ಅಂಗೈಯಗಲದ ಫ್ಯಾನಿನ ಬೆಲೆಗೆ ಒಂದು ಜೊತೆ ಒಳ್ಳೆಯ ಚಪ್ಪಲಿಯೂ ಬರುವುದಿಲ್ಲ.

ನನ್ನ ತಂಗಿಯ ಕೆಲಸ ತಿಂದದ್ದು ಆ ಫ್ಯಾನು. ಸರಿಯಾಗಿ ಹೇಳಬೇಕೆಂದರೆ ಫ್ಯಾನಿನ ತಪ್ಪೇನೂ ಇಲ್ಲ. ಅದನ್ನು ಬದಲಾಯಿಸಿ ಅಂದಾಗ ನಕ್ಕವರಿದ್ದಾರಲ್ಲ, ಅವರದ್ದು.

ನಾನು ದರ್ಜಿ. ಮುಖ್ಯರಸ್ತೆಯ ಮೂಲೆಯಲ್ಲಿ ನನ್ನದೊಂದು ಅಂಗಡಿ. ತಂಗಿ ನನಗಿಂತ ತುಂಬ ಚಿಕ್ಕವಳು, ಚೆನ್ನಾಗಿ ಓದಿದಳು, ಹಾಡುವ ಹಕ್ಕಿಗಳ ಮಿದುಳನ್ನು ನೋಡುವ ಪ್ರಯೋಗಶಾಲೆಯಲ್ಲಿ ಕೆಲಸಕ್ಕೆ ಸೇರಿದಳು. ನಮ್ಮ ಮನೆಯಲ್ಲೇ ಇದ್ದಳು. ಅವಳು ಹೇಳಿದ್ದರಲ್ಲಿ ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ಹೆಬ್ಬೆರಳಿಗಿಂತ ತುಸು ದೊಡ್ಡದಾದ, ಕೆಂಪು ಕೊಕ್ಕಿನ ಹಕ್ಕಿಗಳು ಅವು. ಗಂಡುಮರಿ ಅಪ್ಪನಿಂದ ಹಾಡು ಕಲಿಯುತ್ತದೆ. ಮಗು ಮಾತು ಕಲಿತ ಹಾಗೆಯೇ; ಮೊದಲು ಸುಮ್ಮನೆ ಕೇಳುತ್ತದೆ, ಆಮೇಲೆ ತೊದಲುತ್ತದೆ, ಆಮೇಲೆ ಹಾಡುತ್ತದೆ. ಎಳೆಯದರಲ್ಲಿ ಕೇಳಿಸಿಕೊಳ್ಳದಿದ್ದರೆ ದೊಡ್ಡದಾದ ಮೇಲೆ ಎಷ್ಟು ಕೇಳಿಸಿದರೂ ಹತ್ತುವುದಿಲ್ಲ. ಕಿವಿಯಿಂದ ಒಳಗೆ ಹೋದ ಸದ್ದು ಮಿದುಳಿನಲ್ಲಿ ಮನೆಯಿಂದ ಮನೆಗೆ ದಾಟುತ್ತ ಹೋಗುತ್ತದಂತೆ. ಹೊರಬಾಗಿಲ ಹತ್ತಿರದ ಕೋಶಗಳು ಯಾವ ಸದ್ದಾದರೂ ಎದ್ದು ಕೂರುತ್ತವೆ, ತಟ್ಟೆ ಬಿದ್ದರೂ ಸರಿ. ಒಳಗೊಳಗೆ ಹೋದಂತೆ ಅವುಗಳ ಹಟ ಜಾಸ್ತಿ. ತೀರ ಒಳಮನೆಯಲ್ಲಿ ಅಪ್ಪನ ಹಾಡಿನ ಒಂದೇ ಒಂದು ತುಣುಕಿಗೆ ಮಾತ್ರ ಓಗೊಡುವ ಕೋಶಗಳಿವೆ. ಅದೇ ತುಣುಕನ್ನು ಹಿಂದುಮುಂದಾಗಿ ಕೇಳಿಸಿದರೆ ಮಿಸುಕುವುದಿಲ್ಲ.

ಇದನ್ನು ಅವಳು ಊಟದ ಮೇಜಿನಲ್ಲಿ ಹೇಳಿದಾಗ, ಬಸ್ಸಿನಲ್ಲಿ ಟಿಕೆಟ್ ಕೊಡುವ ನನ್ನ ಗಂಡ ಬಹಳ ಗಂಭೀರವಾಗಿ ತಲೆಯಾಡಿಸಿದರು.

"ನನ್ನ ತಲೇಲೂ ಅಂಥದ್ದೊಂದಿದೆ ನೋಡು. ನಿಮ್ಮಕ್ಕ ಊಟಕ್ಕೆ ಬನ್ನಿ ಅಂದ್ರೆ ಥಟ್ಟಂತ ಏಳುತ್ತೆ."

"ತರಕಾರಿ ತನ್ನಿ ಅಂದ್ರೆ, ಭಾವ?"

"ಆಗ ಅದು ಹಿಂದುಮುಂದಾಗಿ ಕೇಳಿಸುತ್ತೆ."

ನಾನು ಅಲ್ಲಿಗೆ ಕಾಲಿಟ್ಟಿದ್ದು ಅಂಗಿಯ ನೆಪದಲ್ಲಿ. ಎಚ್ಚರವಿರುವ ಹಕ್ಕಿಯ ಮಿದುಳಿನ ಸದ್ದು ಕೇಳಬೇಕಾದರೆ ಅದು ರೆಕ್ಕೆ ಬಡಿಯಬಾರದು. ಅದಕ್ಕೊಂದು ಮೆತ್ತನೆಯ ಅಂಗಿ ತೊಡಿಸುತ್ತಾರೆ. ಅವರು ತರಿಸಿದ್ದ ಅಂಗಿಗಳು ಎದೆಯ ಮೇಲೆ ಬಿಗಿಯುತ್ತಿದ್ದವು, ಹಕ್ಕಿ ಉಸಿರಿಗೆ ಒದ್ದಾಡುತ್ತಿತ್ತು. ನಾನು ತೊಳೆದು ತೊಳೆದು ಮೆತ್ತಗಾದ ಹತ್ತಿ ಬಟ್ಟೆಯನ್ನು ಓರೆಯಾಗಿ ಕತ್ತರಿಸಿ, ಎದೆಯ ಕಡೆ ಹೊಲಿಗೆಯೇ ಬರದ ಹಾಗೆ ಮಾಡಿಕೊಟ್ಟೆ. ಹಿಡಿಸಿತು. ಮರಿಗಳಿಗಾಗಿ ಒಂದಷ್ಟು ಬಟ್ಟೆಯ ಅಪ್ಪಂದಿರನ್ನೂ ಹೊಲಿದೆ. ಒಂಟಿಯಾಗಿ ಬೆಳೆಯುವ ಮರಿಯ ಪೆಟ್ಟಿಗೆಯಲ್ಲಿ ಸ್ಪೀಕರಿನ ಪಕ್ಕ ಆ ಗೊಂಬೆಯನ್ನು ಕೂರಿಸಿ, ಅಪ್ಪನ ಹಾಡನ್ನು ದಿನಕ್ಕೆ ಕೆಲವು ಸಲ ಕೇಳಿಸುತ್ತಿದ್ದರು. ಹೊರಗಿನ ಒಂದು ಪಿಸುಮಾತೂ ಒಳಗೆ ಹೋಗಬಾರದು, ಒಳಗಿನದ್ದು ಹೊರಗೆ ಬರಬಾರದು, ಹಾಗೆ ಕಟ್ಟಿದ ದಪ್ಪ ಗೋಡೆಯ ಪೆಟ್ಟಿಗೆ ಅದು. ಬಾಗಿಲು ತೆಗೆದರೆ ಫ್ಯಾನು ತಾನಾಗಿ ನಿಲ್ಲುತ್ತಿತ್ತು, ಹಕ್ಕಿಯ ರೆಕ್ಕೆ ಸಿಕ್ಕಿಕೊಳ್ಳಬಾರದೆಂದು.

ಆ ಪ್ರಯೋಗಶಾಲೆಯ ಯಜಮಾನರಿಗೆ ನಾನಿಟ್ಟ ಹೆಸರು ಮೆಲುದನಿ. ಅವರು ದನಿ ಏರಿಸಿದ್ದನ್ನು ಯಾರೂ ಕಂಡಿರಲಿಲ್ಲ. ಇಲ್ಲ ಎನ್ನುವುದನ್ನೂ ತೊಟ್ಟಿಲು ತೂಗುವ ಹಾಗೆ ಹೇಳುತ್ತಿದ್ದರು. ಒಮ್ಮೆ ನಾನು ಅಳತೆ ತೆಗೆದುಕೊಳ್ಳಲು ಹೋಗಿದ್ದಾಗ ತಂಗಿ ಅವರನ್ನು ಹಕ್ಕಿಗಳ ಕೋಣೆಯಲ್ಲೇ ನಿಲ್ಲಿಸಿಕೊಂಡು ಕೇಳಿದಳು.

"ಸರ್, ಫ್ಯಾನೆಲ್ಲ ಹಳೇದಾಗಿದೆ. ಒಳಗೆ ಗಾಳಿ ಸಾಲ್ತಿಲ್ಲ. ಎಲ್ಲ ಬದಲಾಯಿಸಬೇಕು."

"ಸೆಕೆ ಅಂತ ಹಕ್ಕಿ ನಿಮ್ಮ ಹತ್ರ ಹೇಳ್ತಾ?" ನಕ್ಕರು. "ಫ್ಯಾನಿಗೆ ಹಾಕೋ ದುಡ್ಡಲ್ಲಿ ನಾನು ಇನ್ನೊಂದು ಸಮ್ಮೇಳನಕ್ಕೆ ಹೋಗಿ ನಿಮ್ಮ ಹೆಸರು ಹೇಳಿ ಬರ್ತೀನಲ್ಲ."

"ಬಾಯಿ ತೆಕ್ಕೊಂಡು ಉಸಿರಾಡ್ತಿವೆ, ಸರ್."

"ಸರಿ, ಹೀಗೆ ಮಾಡಿ. ಇಡೀ ದಿನ ಓಡಿದ್ರೆ ತಾನೆ ಸವೆಯೋದು. ಬಿಟ್ಟು ಬಿಟ್ಟು ಓಡಲಿ. ಹಾಡು ಹಾಕೋ ಟೈಮರ್ ಇದೆಯಲ್ಲ, ಅದಕ್ಕೇ ಫ್ಯಾನನ್ನೂ ಸೇರಿಸಿಬಿಡಿ. ಹಾಡಿಗೆ ಸ್ವಲ್ಪ ಮುಂಚೆ ಶುರುವಾಗಲಿ, ಆಮೇಲೆ ಒಂದಷ್ಟು ಹೊತ್ತು ಓಡಿ ನಿಲ್ಲಲಿ. ಬಾಳಿಕೆ ಬರುತ್ತೆ."

ಯಜಮಾನರು ಹೇಳಿದ ಮೇಲೆ ಇನ್ನೇನು, ಹಾಗೇ ಮಾಡಿದರು.

ಆ ಸಲದ ಮರಿಗಳು ದೊಡ್ಡವಾದಾಗ ಅವುಗಳ ಹಾಡಿನಲ್ಲೊಂದು ಹೊಸ ಸ್ವರ ಸಿಕ್ಕಿತು. ಅಪ್ಪನ ಹಾಡು ಶುರುವಾಗುವುದಕ್ಕೆ ಮುಂಚೆ, ತೆಳ್ಳಗೆ ಮೇಲಕ್ಕೇರುವ ಒಂದು ಎಳೆ. ಅಪ್ಪನ ಹಾಡಿನಲ್ಲಿ ಅದು ಇಲ್ಲವೇ ಇಲ್ಲ. ಎಲ್ಲಕ್ಕಿಂತ ಚೆನ್ನಾಗಿ ಹಾಡುತ್ತಿದ್ದದ್ದು ಕಾಲಿಗೆ ಹಳದಿ ಬಳೆ ಹಾಕಿದ್ದ ಹಕ್ಕಿ. ತಂಗಿ ಅದರ ಒಳಮನೆಯ ಕೋಶಕ್ಕೆ ತಂತಿ ಇಳಿಸಿ ಹಾಡಿನ ತುಣುಕುಗಳನ್ನು ಒಂದೊಂದಾಗಿ ಕೇಳಿಸಿದಳು. ಆ ಎಳೆಗೇ ಅದು ಎಲ್ಲಕ್ಕಿಂತ ಜೋರಾಗಿ ಓಗೊಟ್ಟಿತು. ಇನ್ನೂ ಹಾಡಲು ಬಾಯಿಯನ್ನೇ ತೆರೆಯದ ಮರಿಗಳಲ್ಲಿ ನೋಡಿದಳು, ಅಲ್ಲೂ ಓಗೊಡುವ ಕೋಶಗಳಿದ್ದವು.

ಮೆಲುದನಿ ಹಿಗ್ಗಿ ಹೀರೇಕಾಯಿಯಾದರು. ಯಾರೂ ಕಲಿಸದ, ಹಕ್ಕಿ ಹುಟ್ಟುವಾಗಲೇ ಮಿದುಳಿನಲ್ಲಿ ತಂದ ಸ್ವರ ಅಂತ ಹೆಸರಿಟ್ಟರು. ಊರೂರು ಸುತ್ತಿ ಹೇಳಿದರು. ತಂಗಿಯ ಹೆಸರು ಮೊದಲಿಟ್ಟು ಲೇಖನ ಪ್ರಕಟವಾಯಿತು. ಅವಳದ್ದು ವರ್ಷದಿಂದ ವರ್ಷಕ್ಕೆ ಮುಂದುವರಿಸುವ ಕೆಲಸ. ಈ ಸಲ ಕಾಯಂ ಮಾಡುತ್ತೇನೆ ಎಂದು ಮಾತು ಕೊಟ್ಟರು. ನಾವು ಮನೆಯಲ್ಲಿ ಅವಳಿಗೊಂದು ಪ್ರತ್ಯೇಕ ಕೋಣೆ ಬಾಡಿಗೆಗೆ ನೋಡೋಣವೇ ಎಂದು ಮಾತಾಡಿಕೊಂಡೆವು. ನನ್ನ ಗಂಡ, "ಹೋಗ್ತಾ ನಿನ್ನ ಪುಸ್ತಕದ ಮೂಟೆ ಮರೀಬೇಡ ಮಾರಾಯ್ತಿ, ಮಂಚದ ಕಾಲು ಮುರಿಯೋ ಹಾಗಿದೆ" ಅಂದರು.

ಕಾಯಂ ಆಗುವ ತಿಂಗಳು ಬಂತು. ನಾನು ಹೊಸ ಅಂಗಿಗಳನ್ನು ಚೀಲದಲ್ಲಿ ತುಂಬಿಕೊಂಡು ಹೋದೆ. ಮಧ್ಯಾಹ್ನ. ತಂಗಿ ಹಳದಿ ಬಳೆಗೆ ಅಂಗಿ ತೊಡಿಸಿ, ತಲೆಯನ್ನು ಚೌಕಟ್ಟಿಗೆ ಸಿಕ್ಕಿಸಿ ಕೂತಿದ್ದಳು. ಕೋಶ ಮಾತಾಡಿದರೆ ಸ್ಪೀಕರಿನಲ್ಲಿ ಚಟಪಟ ಕೇಳುತ್ತದೆ, ಒಣ ಕಡ್ಡಿ ಬೆಂಕಿಗೆ ಹಿಡಿದ ಹಾಗೆ. ಆಗ ಏನೂ ಕೇಳಿಸುತ್ತಿರಲಿಲ್ಲ, ಅವಳು ಹಾಡು ಹಾಕಿರಲಿಲ್ಲ. ಪಕ್ಕದಲ್ಲಿ ತೊಳೆದು ಒಣಗಲಿಕ್ಕಿಟ್ಟ ಒಂದು ಖಾಲಿ ಪೆಟ್ಟಿಗೆ ಬಾಗಿಲು ತೆರೆದುಕೊಂಡು ಕೂತಿತ್ತು. ಬೇಗ ಒಣಗಲೆಂದು ಅದರ ಫ್ಯಾನಿನ ತಂತಿಯನ್ನು ಟೈಮರ್ ಬಿಟ್ಟು ನೇರ ಗೋಡೆಯ ಪ್ಲಗ್ಗಿಗೆ ಚುಚ್ಚಿ, ಬಾಗಿಲು ತೆರೆದಿದ್ದರೆ ಅದು ಓಡುವುದಿಲ್ಲ ಎನ್ನುವುದನ್ನು ಯಾರೋ ಮರೆತಿದ್ದರು. ನಾನು ಚೀಲವನ್ನು ಅದರೊಳಗೆ ಇಟ್ಟೆ. ಬಾಗಿಲು ಹಾಕಿದಾಗ ಒತ್ತಿಕೊಂಡು ಫ್ಯಾನು ಓಡಿಸುವ ಗುಂಡಿಯೊಂದಿತ್ತು, ಚೀಲದ ಮೂಲೆ ಅದನ್ನು ಒತ್ತಿತು.

ಕೀ ಎಂದು ತೆಳ್ಳಗೆ ಮೇಲೇರಿ ಫ್ಯಾನು ಓಡತೊಡಗಿತು.

ಸ್ಪೀಕರಿನಲ್ಲಿ ಚಟಪಟ ಚಟಪಟ.

ತಂಗಿ ನನ್ನ ಕಡೆ ತಿರುಗಲಿಲ್ಲ. "ಅಕ್ಕ, ಚೀಲ ಎತ್ತು" ಅಂದಳು. ಎತ್ತಿದೆ. ಫ್ಯಾನು ನಿಂತಿತು. "ಮತ್ತೆ ಇಡು." ಇಟ್ಟೆ. ಕೀ. ಚಟಪಟ. ಮತ್ತೆ ಎತ್ತು, ಮತ್ತೆ ಇಡು. ನಾನು ಗುಂಡಿ ಒತ್ತುತ್ತಲೇ ಇದ್ದೆ, ಅವಳ ಮುಖದ ಬಣ್ಣ ಇಳಿಯುತ್ತಲೇ ಇತ್ತು. ಆಮೇಲೆ ಆ ಕೀರಲನ್ನು ಧ್ವನಿಮುದ್ರಿಸಿ ಹಿಂದುಮುಂದಾಗಿ ಕೇಳಿಸಿದಳು. ಕೋಶ ಮಿಸುಕಲಿಲ್ಲ. ಸರಿಯಾಗಿ ಕೇಳಿಸಿದಳು. ಚಟಪಟ.

ಹಕ್ಕಿಯ ಅಂಗಿ ಬಿಚ್ಚಿ, ಗೂಡಿಗೆ ಬಿಟ್ಟು, ನೆಲದ ಮೇಲೆ ಕೂತಳು.

"ಹುಟ್ಟಿನಿಂದ ತಂದದ್ದಲ್ಲ ಅದು. ಎಣ್ಣೆ ಕಾಣದ ಬೇರಿಂಗು. ಎಲ್ಲ ಪೆಟ್ಟಿಗೆಗೂ ಒಂದೇ ಥರದ ಫ್ಯಾನು, ಒಂದೇ ಕೀರಲು."

"ಯಾರಿಗೂ ಕೇಳಿಸಲೇ ಇಲ್ವಾ ಇಷ್ಟು ದಿನ?"

"ಹೇಗೆ ಕೇಳಿಸುತ್ತೆ? ಬಾಗಿಲು ಹಾಕಿದ್ರೆ ಸದ್ದು ಹೊರಗೆ ಬರಲ್ಲ. ತೆಗೆದ್ರೆ ಫ್ಯಾನು ನಿಲ್ಲುತ್ತೆ. ಒಳಗಿರೋ ಮೈಕು ಹಕ್ಕಿ ಹಾಡಿದಾಗ ಮಾತ್ರ ಶುರುವಾಗೋದು. ಅಪ್ಪನ ಹಾಡು ಹೇಗೂ ನಮ್ಮ ಹತ್ರಾನೇ ಇದೆಯಲ್ಲ, ಪೆಟ್ಟಿಗೆ ಒಳಗೆ ಅದು ಹೇಗೆ ಕೇಳಿಸುತ್ತೆ ಅಂತ ಯಾರು ನೋಡ್ತಾರೆ?" ಬಿಚ್ಚಿದ ಅಂಗಿಯನ್ನು ಮಡಿಸುತ್ತ ಹೇಳಿದಳು. "ಪ್ರತಿ ಸಲ ಮೊದಲು ಕೀರಲು, ಆಮೇಲೆ ಅಪ್ಪ. ಮರಿ ಎರಡನ್ನೂ ಸೇರಿಸಿ ಕಲಿತಿದೆ. ಎಷ್ಟು ಚೆನ್ನಾಗಿ ಕಲಿತಿದೆ ಅಂದ್ರೆ ನಾನು ಮೋಸ ಹೋದೆ."

ಆ ದಿನ ಊಟದ ಹೊತ್ತಿಗೆ ಮನೆಯಲ್ಲಿ ನಗು ಇರಲಿಲ್ಲ. ನನ್ನ ಗಂಡ ಒಳ್ಳೆಯದನ್ನೇ ಎಣಿಸಿ ಹೇಳಿದರು. "ಈ ತಿಂಗಳು ಕಳೀಲಿ. ಕಾಯಂ ಆದ್ಮೇಲೆ ಹೇಳು. ಫ್ಯಾನಿನ ವಿಷಯ ಯಾರಿಗೆ ಗೊತ್ತಾಗುತ್ತೆ?"

"ಎಲ್ಲೋ ಯಾವಳೋ ಒಬ್ಬಳು ನನ್ನ ಲೇಖನ ಓದ್ಕೊಂಡು ಈ ಸ್ವರ ಹುಡುಕ್ತಾ ಕೂತಿರ್ತಾಳೆ, ಭಾವ. ಅವಳ ಫ್ಯಾನು ಸರಿ ಇರುತ್ತೆ. ಸ್ವರ ಸಿಗಲ್ಲ. ತನ್ನ ಕೈಯೇ ಸರಿ ಇಲ್ಲ ಅಂದ್ಕೊಂಡು ಇನ್ನೊಂದಷ್ಟು ಹಕ್ಕಿ ತಲೆಗೆ ತಂತಿ ಇಳಿಸ್ತಾಳೆ."

ಅವರು ನೀರಿನ ಲೋಟ ಅವಳ ಕಡೆ ಸರಿಸಿದರು.

ಮಾರನೆಯ ದಿನ ನಾನೂ ಅವಳ ಜೊತೆ ಹೋದೆ. ಅಂದು ಫ್ಯಾನಿನ ಮಾತಾಡುವಾಗ ಅವರಿಬ್ಬರನ್ನು ಬಿಟ್ಟರೆ ಅಲ್ಲಿದ್ದವಳು ನಾನೊಬ್ಬಳೇ. ಮೆಲುದನಿಯವರ ಕೋಣೆಯಲ್ಲಿ ಕಿಟಕಿಯ ಹತ್ತಿರ ಒಂದು ಚಂದದ ಪಂಜರವಿತ್ತು, ಬಂದವರಿಗೆ ತೋರಿಸಲು. ಅದರೊಳಗೆ ಕೆಂಪು ಬಳೆಯ ಹಕ್ಕಿ, ಹಳದಿ ಬಳೆಯ ತಮ್ಮ. ಪಕ್ಕದ ಪೆಟ್ಟಿಗೆಯಲ್ಲಿ ಬೆಳೆದದ್ದು. ಆಗ ಅದು ಗರಿ ಉಬ್ಬಿಸಿಕೊಂಡು ಸುಮ್ಮನಿತ್ತು.

ತಂಗಿ ಆದದ್ದನ್ನೆಲ್ಲ ಹೇಳಿದಳು. ಅವರು ಕೈಬೆರಳು ಹೆಣೆದುಕೊಂಡು ಕೇಳಿದರು.

"ಅಂದ್ರೆ ಪೆಟ್ಟಿಗೆ ನೋಡ್ಕೊಳ್ಳೋದರಲ್ಲಿ ದೋಷ ಆಗಿದೆ. ನೋಡ್ಕೊಳ್ತಿದ್ದವರು ನೀವು."

"ಫ್ಯಾನು ಬದಲಾಯಿಸಿ ಅಂತ ಕೇಳಿದ್ದೆ, ಸರ್."

"ಯಾವಾಗ? ನನಗೆ ನೆನಪಿಲ್ಲ."

"ನನಗಿದೆ" ಅಂದೆ ನಾನು. "ಬಿಟ್ಟು ಬಿಟ್ಟು ಓಡಲಿ, ಬಾಳಿಕೆ ಬರುತ್ತೆ ಅಂದವರು ನೀವೇ. ಸೆಕೆ ಅಂತ ಹಕ್ಕಿ ಹೇಳ್ತಾ ಅಂತಾನೂ ಕೇಳಿದ್ರಿ."

ಅವರು ನನ್ನನ್ನು ಅಷ್ಟು ಹೊತ್ತಿನ ಮೇಲೆ ನೋಡಿದರು. "ನೀವು ಹೊಲಿಗೆಯವರಲ್ವಾ?"

"ಹೌದು. ಕಿವಿ ಎರಡೂ ಕೇಳಿಸುತ್ತೆ."

"ನೀವು ಸ್ವಲ್ಪ ಹೊರಗಿದ್ರೆ ಒಳ್ಳೇದು, ಅಮ್ಮ."

"ಅಕ್ಕ ಇಲ್ಲೇ ಇರ್ತಾಳೆ" ಅಂದಳು ತಂಗಿ. "ಸರ್, ನಮ್ಮ ಕೈಗೆ ಸಿಕ್ಕಿರೋದು ಸುಳ್ಳೇನಲ್ಲ. ನಾವು ಅದಕ್ಕೆ ಕೊಟ್ಟ ಹೆಸರು ಸುಳ್ಳು. ಎಳೆ ವಯಸ್ಸಲ್ಲಿ ಅಪ್ಪನ ಹಾಡಿಗೆ ಅಂಟಿಕೊಂಡು ಬಂದ ಸದ್ದನ್ನ ಮಿದುಳು ಹಾಡು ಅಂತಲೇ ಇಟ್ಕೊಂಡಿದೆ. ಯಂತ್ರದ್ದು, ಹಕ್ಕಿದು ಅಂತ ಬೇರೆ ಮಾಡಿಲ್ಲ. ಅದನ್ನೇ ಬರೆಯೋಣ. ಹಳೇ ಲೇಖನ ವಾಪಸ್ ತಗೊಳ್ಳೋಣ."

"ವಾಪಸ್." ಆ ಪದವನ್ನು ಬಾಯಲ್ಲಿಟ್ಟು ರುಚಿ ನೋಡಿದ ಹಾಗೆ ಹೇಳಿದರು. "ಎಷ್ಟು ಸಭೆಗಳಲ್ಲಿ ಮಾತಾಡಿ ಬಂದಿದ್ದೀನಿ ಗೊತ್ತಾ? ಮುಂದಿನ ಹಣ ಬರೋದೇ ಈ ಸ್ವರದ ಮೇಲೆ. ಯಾವುದೋ ಒಂದು ಪೆಟ್ಟಿಗೇಲಿ ಏನೋ ಸದ್ದಾಯ್ತು, ಬಿಟ್ಟುಬಿಡಿ. ಅಂದ ಹಾಗೆ, ನಿಮ್ಮದು ಕಾಯಂ ಆಗೋದು ಈ ತಿಂಗಳಲ್ವಾ?"

ಎಷ್ಟು ಮೆತ್ತಗೆ ಕೇಳಿದರೆಂದರೆ, ಆರೋಗ್ಯ ವಿಚಾರಿಸಿದ ಹಾಗಿತ್ತು. ನನ್ನ ಕೈಯಲ್ಲಿ ಕತ್ತರಿ ಇಲ್ಲದ್ದು ಒಳ್ಳೆಯದಾಯಿತು.

"ಒಂದು ಸಲ ಬಂದು ಕೇಳಿ, ಸರ್. ಒಂದೇ ಸಲ."

"ಅಗತ್ಯ ಇಲ್ಲ."

ಬದುಕೆಲ್ಲ ಕೇಳಿಸಿಕೊಳ್ಳುವುದು ಹೇಗೆಂದು ಪಾಠ ಹೇಳಿದ ಮನುಷ್ಯ, ಹತ್ತು ಹೆಜ್ಜೆ ಬಂದು ಕಿವಿ ಕೊಡಲು ಒಪ್ಪಲಿಲ್ಲ. ತಂಗಿ ಚೀಲಕ್ಕೆ ಕೈ ಹಾಕಿದಳು. ಆ ಪೆಟ್ಟಿಗೆಯ ಫ್ಯಾನನ್ನು ಬಿಚ್ಚಿ ತಂದಿದ್ದಳು, ನನಗೂ ಹೇಳಿರಲಿಲ್ಲ. ಅವರ ಮೇಜಿನ ಮೇಲೆ, ಅವರ ಕಾಗದಗಳ ಮೇಲೇ ಇಟ್ಟು, ಗೋಡೆಯ ಪ್ಲಗ್ಗಿಗೆ ಚುಚ್ಚಿ ಸ್ವಿಚ್ಚು ಒತ್ತಿದಳು.

ಕೀ.

ಪಂಜರದಲ್ಲಿ ಕೆಂಪು ಬಳೆ ನೆಟ್ಟಗಾಯಿತು. ತಲೆ ಓರೆ ಮಾಡಿತು. ಆಮೇಲೆ ಹಾಡಿತು. ಮೊದಲು ಅದೇ ಕೀರಲು, ಅದರ ಬೆನ್ನಿಗೇ ಅಪ್ಪನ ಹಾಡು, ಒಂದು ತುಣುಕೂ ಬಿಡದೆ. ತಂಗಿ ಫ್ಯಾನು ನಿಲ್ಲಿಸಿ ಮತ್ತೆ ಹಾಕಿದಳು. ಹಕ್ಕಿ ಮತ್ತೆ ಹಾಡಿತು. ಮತ್ತೆ ಹಾಕಿದಳು.

"ನಿಲ್ಸು ಅದನ್ನ" ಎಂದು ಮೆಲುದನಿ ಕೂಗಿದರು. ಗಾಜು ಅದುರಿತು. ಓಣಿಯಲ್ಲಿ ಯಾರೋ ನಡೆಯುತ್ತಿದ್ದವರು ನಿಂತರು.

"ಯಾವುದನ್ನ, ಸರ್? ಫ್ಯಾನನ್ನೋ, ಹಕ್ಕೀನೋ?"

ಅವರು ಅಂಗಿ ಸರಿಪಡಿಸಿಕೊಂಡು ಹಳೆಯ ದನಿಗೆ ಮರಳಿದರು. "ನೀವಿನ್ನು ಹೋಗಬಹುದು."

"ಹೋಗ್ತೀನಿ. ಲೇಖನ ಛಾಪಿಸಿದವರಿಗೆ ನಾನೇ ಬರೀತೀನಿ. ಮೊದಲ ಹೆಸರು ನಂದು ತಾನೆ. ಆ ಹೆಸರನ್ನ ಫ್ಯಾನಿನ ಮೇಲೆ ಬಿಟ್ಟು ಮಲಗೋಕೆ ಆಗಲ್ಲ ನನಗೆ."

ಹೊರಗೆ ಬಂದ ಮೇಲೆ ಮೆಟ್ಟಿಲಿನಲ್ಲಿ ಒಂದು ಕ್ಷಣ ಕೂತಳು. ನಾನು ಬೆನ್ನು ಸವರಿದೆ. "ಅಕ್ಕ, ಆ ಫ್ಯಾನು ಅಲ್ಲೇ ಬಿಟ್ಟೆ" ಅಂದಳು. "ಇರಲಿ ಬಿಡು" ಅಂದೆ, "ಅವರಿಗೂ ಸೆಕೆ ಆಗ್ತಿರಬೇಕು." ನಕ್ಕಳು. ನಗುತ್ತಲೇ ಅತ್ತಳು.

ಅವಳು ಬರೆದಳು. ಲೇಖನ ವಾಪಸಾಯಿತು. ಅದರ ಜಾಗದಲ್ಲಿ ಬಂದ ನಾಲ್ಕು ಸಾಲಿನಲ್ಲಿ, ಪೆಟ್ಟಿಗೆಗಳ ಉಸ್ತುವಾರಿ ಹೊತ್ತಿದ್ದ ಸಂಶೋಧಕಿಯ ಅಜಾಗರೂಕತೆಯಿಂದ ಹೀಗಾಯಿತೆಂದು ಇತ್ತು. ಬಿಟ್ಟು ಬಿಟ್ಟು ಓಡಿಸಿದವರ ಸುದ್ದಿಯೇ ಇರಲಿಲ್ಲ. ನಾನು ಕೇಳಿದ್ದನ್ನು ಹೇಳುತ್ತೇನೆಂದು ಅಲ್ಲಿನ ಆಡಳಿತದವರ ಬಳಿಗೂ ಹೋದೆ. ಕೂರಿಸಿದರು, ನೀರು ಕೊಟ್ಟರು, ಕಳಿಸಿದರು. ಅವಳ ಕೆಲಸ ಮುಂದುವರಿಯಲಿಲ್ಲ. ಅವಳು ಹೋದ ವಾರವೇ ಗೋಡೆಯುದ್ದದ ಪೆಟ್ಟಿಗೆಗಳಿಗೆಲ್ಲ ಹೊಸ ಫ್ಯಾನುಗಳು ಬಂದವು. ಒಂದೂ ಬಿಡದೆ, ಎಲ್ಲಕ್ಕೂ. ಅದನ್ನು ಕೇಳಿದ ದಿನ ನಾನು ಗಿರಾಕಿಯೊಬ್ಬರ ಒಳ್ಳೆಯ ಬಟ್ಟೆಯನ್ನು ಅಡ್ಡಾದಿಡ್ಡಿ ಕತ್ತರಿಸಿ ಹಾಳು ಮಾಡಿದೆ. ಈಗಲೂ ನೆನೆದರೆ ಹಲ್ಲು ಕಚ್ಚಿಕೊಳ್ಳುತ್ತೇನೆ.

ಕೀರಲು ಕಲಿತ ಹಕ್ಕಿಗಳು ಅವರಿಗೆ ಬೇಡವಾದವು. ಹಳದಿ ಬಳೆಯ ತಲೆಗೆ ತಂತಿ ಇಳಿಸಿದ್ದರಿಂದ ಅದನ್ನು ಹೊರಗೆ ಕೊಡುವ ಹಾಗಿರಲಿಲ್ಲ, ಕೊಂದರು. ಕೆಂಪು ಬಳೆಯ ತಲೆಯನ್ನು ಯಾರೂ ಮುಟ್ಟಿರಲಿಲ್ಲ. ಕೇಳಿದ್ದಕ್ಕೆ ಕೊಟ್ಟರು, ಪಂಜರ ಮಾತ್ರ ನಾವೇ ತಂದುಕೊಳ್ಳಬೇಕಾಯಿತು.

ಈಗ ಅದು ನನ್ನ ಅಂಗಡಿಯಲ್ಲಿದೆ. ನನ್ನ ಹೊಲಿಗೆ ಯಂತ್ರಕ್ಕೆ ಎಣ್ಣೆ ಕಮ್ಮಿಯಾದರೆ ಮೊದಲು ತಿಳಿಯುವುದು ಅದಕ್ಕೆ. ನೆಟ್ಟಗೆ ನಿಂತು, ಕೀರಲನ್ನು ಹಾಡಿ, ಅಪ್ಪನ ಹಾಡನ್ನು ಹಾಡುತ್ತದೆ. ಗಿರಾಕಿಗಳು ಎಷ್ಟು ಚೆನ್ನಾಗಿ ಹಾಡುತ್ತೆ ಅನ್ನುತ್ತಾರೆ. ತಂಗಿ ಕಿವಿ ಪರೀಕ್ಷಿಸುವ ಒಂದು ಚಿಕಿತ್ಸಾಲಯದಲ್ಲಿ ಕೆಲಸ ಮಾಡುತ್ತಾಳೆ, ಸಂಬಳ ಮೊದಲಿನ ಅರ್ಧ. ಸಂಜೆ ಬಂದು ಪಂಜರದ ಪಕ್ಕ ಕೂತು ಗುಂಡಿ ಹೊಲಿದುಕೊಡುತ್ತಾಳೆ.

ಇಲ್ಲದ ಸ್ವರವೊಂದು ಇದೆ ಎನ್ನುವ ಮಾತು ಹೋಯಿತು. ಅದರ ಜೊತೆ ತಂಗಿಯ ಕೆಲಸ ಹೋಯಿತು, ಹಳದಿ ಬಳೆ ಹೋಯಿತು, ನನ್ನ ಅಂಗಿಗಳ ವ್ಯಾಪಾರ ಹೋಯಿತು. ಬಂದದ್ದು ಒಂದು ಹಕ್ಕಿ. ಮೆಲುದನಿಯವರಿಗೆ ಹೊಸ ಫ್ಯಾನುಗಳು.